ಪಾದ ಎಣಿಸುತ್ತ ಬಂದ ಪದ

‘ಸ್ಕ್ಯಾನ್’ ಎಂಬ ಪದಕ್ಕೆ ಕನ್ನಡ ನಾಡಿನಲ್ಲಿ ಈಗ ನಿಘಂಟು ಬೇಕಿಲ್ಲ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಆಸುಪಾಸಿನಲ್ಲೇ ಒಂದು ಸ್ಕ್ಯಾನಿಂಗ್ ಸೆಂಟರ್ ಇರುತ್ತದೆ. ಅದರ ಗೋಡೆಯ ಮೇಲೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಕಡ್ಡಾಯ ಫಲಕ ಇರುತ್ತದೆ. ಬಸುರಿಯಿರುವ ಮನೆಯಲ್ಲಿ ‘ಸ್ಕ್ಯಾನಿಂಗ್ ಆಯ್ತಾ?’ ಎಂದರೆ ಹೊಟ್ಟೆಯದೇ. ಬೇರೆಯದಾದರೆ ‘ತಲೆ ಸ್ಕ್ಯಾನಿಂಗ್’ ಎಂದು ಬಿಡಿಸಿ ಹೇಳಬೇಕು. ಸೊಪ್ಪಿನ ಗಾಡಿಯಾಕೆ ಚಿಲ್ಲರೆ ಹುಡುಕುವ ಕೆಲಸವನ್ನೇ ಬಿಟ್ಟು ‘ಸ್ಕ್ಯಾನ್ ಮಾಡಿ ಸಾರ್’ ಅನ್ನುತ್ತಾಳೆ. ಮೂರು ಕಡೆಯೂ ಅರ್ಥ ಒಂದೇ: ಯಂತ್ರವೊಂದು ನೋಡುತ್ತದೆ, ನಮಗೆ ಕಾಣದ್ದನ್ನು ಓದಿಕೊಳ್ಳುತ್ತದೆ.

ನರರೋಗ ತಜ್ಞರ ಟಿಪ್ಪಣಿಯಲ್ಲಿ ಮಾತ್ರ ಈ ಪದ ಬೇರೆಯದೇ ಅರ್ಥದಲ್ಲಿ ಇಂದಿಗೂ ಬದುಕಿದೆ. ರೋಗಿಯ ಫೈಲಿನ ಮೊದಲ ಪುಟದಲ್ಲಿ ‘ಸ್ಕ್ಯಾನಿಂಗ್ ಸ್ಪೀಚ್’ ಎಂದು ಬರೆದಿರುತ್ತಾರೆ. ಎರಡು ಪುಟ ದಾಟಿದರೆ ‘ಎಂಆರ್‌ಐ ಸ್ಕ್ಯಾನ್’ ವರದಿ. ಎರಡನೆಯದು ಯಂತ್ರದ ಕೆಲಸ. ಮೊದಲನೆಯದು ರೋಗಿಯ ಮಾತಿನ ಬಗೆ: ಅಕ್ಷರ ಅಕ್ಷರಕ್ಕೂ ತಡೆದು, ಪ್ರತಿಯೊಂದಕ್ಕೂ ಸಮನಾದ ಒತ್ತು ಕೊಟ್ಟು, ಒಂದೊಂದಾಗಿ ಇಳಿಸಿದಂತೆ ಬರುವ ಮಾತು. ತಂದೆ ತಾಯಿಯಿಂದ ಬರುವ ಅಟಾಕ್ಸಿಯಾ ಗುಂಪಿನ ಕಾಯಿಲೆಗಳಲ್ಲಿ ಇದು ಸಾಮಾನ್ಯ. ನಡಿಗೆ ತೂರಾಡುತ್ತದೆ, ಕೈ ಗುರಿ ತಪ್ಪುತ್ತದೆ, ಮಾತು ಕೆಡುತ್ತದೆ. ಮನೆಯವರು ‘ನಾಲಿಗೆ ಹೊರಳ್ತಿಲ್ಲ’, ‘ಮಾತು ಎಳೀತಾನೆ’ ಎಂದು ಹೇಳಿಕೊಂಡು ಬರುತ್ತಾರೆ. ಬೀದಿಯವರು ಅಷ್ಟು ಕನಿಕರದವರಲ್ಲ. ‘ಬೆಳಿಗ್ಗೇನೇ ಹಾಕ್ಕೊಂಡ್ ಬಂದವ್ನೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹೋಲಿಕೆ ಬರುವುದಕ್ಕೆ ಕಾರಣವೂ ಇದೆ. ಹೆಂಡ ಮೊದಲು ಹಿಡಿಯುವ ಅಂಗಗಳಲ್ಲಿ ಕಿರುಮೆದುಳೂ ಒಂದು. ಈ ಕಾಯಿಲೆಗಳು ಸವೆಸುವುದೂ ಅದನ್ನೇ. ಕುಡಿದವನದು ಬೆಳಗಾಗುವುದರೊಳಗೆ ಇಳಿಯುತ್ತದೆ, ಇವರದು ಇಳಿಯುವುದಿಲ್ಲ.

ಒಂದೇ ಫೈಲಿನ ಈ ಎರಡು ಸ್ಕ್ಯಾನುಗಳಿಗೆ ಸಂಬಂಧವಿಲ್ಲವೆಂದೇ ಬಹುಪಾಲು ವೈದ್ಯ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಸಂಬಂಧ ಹತ್ತಿರದ್ದೇ ಇದೆ, ಹುಡುಕುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು ಅಷ್ಟೆ.

ಲ್ಯಾಟಿನಿನಲ್ಲಿ ‘ಸ್ಕಾಂದೆರೆ’ ಎಂದರೆ ಹತ್ತು, ಏರು. ಸಂಸ್ಕೃತದ ‘ಸ್ಕಂದ್’ ಧಾತು ಇದರ ಒಡಹುಟ್ಟು. ಅಲ್ಲಿ ಅರ್ಥ ಜಿಗಿ, ಚಿಮ್ಮು. ಕುಕ್ಕೆಯ ಸುಬ್ರಹ್ಮಣ್ಯನಿಗೆ ಸ್ಕಂದ ಎಂಬ ಹೆಸರು ಬಂದದ್ದು ಆ ಧಾತುವಿನಿಂದಲೇ. (ಮಾತು ತಡವರಿಸುವುದಕ್ಕೆ ನಾವು ಬಳಸುವ ‘ಸ್ಖಲನ’ದ ಧಾತು ಬೇರೆ. ಕಿವಿಗೆ ಹತ್ತಿರವಿದ್ದರೂ ನೆಂಟಸ್ತಿಕೆ ಕಟ್ಟುವಂತಿಲ್ಲ.) ಹತ್ತುವುದಕ್ಕೆ ಬೇಕಾದ ಏಣಿ ಲ್ಯಾಟಿನಿನಲ್ಲಿ ‘ಸ್ಕಾಲ’ ಆಯಿತು. ಶಾಲೆಯ ಕಂಪಾಸ್ ಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳುವ ‘ಸ್ಕೇಲು’, ಮಾಲಿನ ‘ಎಸ್ಕಲೇಟರು’ ಆ ಏಣಿಯ ಮಕ್ಕಳು. ಈ ಸ್ಕೇಲು ಮುಂದೆ ಮತ್ತೊಮ್ಮೆ ಬರುತ್ತದೆ.

ಹತ್ತುವಾಗ ಕಾಲೆತ್ತಬೇಕು, ಇಡಬೇಕು. ಪದ್ಯ ಓದುವಾಗ ಲಯಕ್ಕೆ ತಕ್ಕಂತೆ ಪಾದ ಎತ್ತಿ ಇಡುವುದು ಗ್ರೀಕರ, ರೋಮನರ ರೂಢಿ. ಹಾಗಾಗಿ ಕೊನೆಗಾಲದ ಲ್ಯಾಟಿನ್ ವ್ಯಾಕರಣಕಾರರ ಬಾಯಲ್ಲಿ ‘ಪದ್ಯವನ್ನು ಹತ್ತುವುದು’ ಎಂದರೆ ಅದರ ಗಣ ಬಿಡಿಸಿ ಓದುವುದು ಎಂದಾಯಿತು. ಛಂದಸ್ಸಿನ ಸಾಲಿಗೆ ನಾವು ಪಾದ ಎನ್ನುತ್ತೇವೆ, ಅವರು ಗಣಕ್ಕೇ ಪಾದ ಎನ್ನುತ್ತಾರೆ. ಕಾಲು ಮಾತ್ರ ಎರಡು ಕಡೆಯೂ ಬಂದಿದೆ. ನಮ್ಮಲ್ಲಿ ಈ ಕೆಲಸಕ್ಕೆ ‘ಪ್ರಸ್ತಾರ ಹಾಕುವುದು’ ಎಂದು ಹೆಸರು. ಹೈಸ್ಕೂಲು ಕನ್ನಡ ಪರೀಕ್ಷೆಯಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಲಘು ಗುರುಗಳ ಗುರುತು ಎಳೆದು, ‘ಯಮಾತಾರಾಜಭಾನಸಲಗಂ’ ಗುನುಗಿಕೊಂಡವರಿಗೆಲ್ಲ ಗೊತ್ತು. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದ ನಡೆದುಬಂದ ಲೆಕ್ಕ ಅದು.

ಇಂಗ್ಲಿಷಿಗೆ ಈ ಪದ ಬಂದದ್ದು ಹದಿನಾಲ್ಕನೆಯ ಶತಮಾನದ ಕೊನೆಗೆ, ಅದೇ ಛಂದಸ್ಸಿನ ಅರ್ಥದಲ್ಲಿ. ‘ಸ್ಕ್ಯಾಂಡ್’ ಎಂಬುದರ ಕೊನೆಯ ಡಕಾರ ಭೂತಕಾಲದ ಪ್ರತ್ಯಯವಿರಬೇಕೆಂದು ಜನ ಅದನ್ನು ಕಳಚಿದರು, ‘ಸ್ಕ್ಯಾನ್’ ಉಳಿಯಿತು ಎಂದು ಪದಶಾಸ್ತ್ರಜ್ಞರು ಊಹಿಸುತ್ತಾರೆ. ಅಕ್ಷರ ಬಿಡದೆ ಲೆಕ್ಕ ಹಾಕುವವನು ಸೂಕ್ಷ್ಮವಾಗಿ ನೋಡಲೇಬೇಕಲ್ಲ. ಹದಿನಾರನೆಯ ಶತಮಾನದಲ್ಲಿ ಅರ್ಥ ‘ಕೂಲಂಕಷವಾಗಿ ಪರೀಕ್ಷಿಸು’ ಎಂದು ಹಿಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ತಿರುಗಿಯೇ ಬಿದ್ದಿತು: ಪತ್ರಿಕೆಯ ಮೇಲೆ ಸುಮ್ಮನೆ ಕಣ್ಣಾಡಿಸುವುದೂ ಸ್ಕ್ಯಾನ್. ಪದವೊಂದು ತನ್ನ ವಿರುದ್ಧಾರ್ಥವನ್ನೂ ಹೆಗಲಿಗೇರಿಸಿಕೊಂಡ ಉದಾಹರಣೆಗಳಲ್ಲಿ ಇದೊಂದು.

ಫ್ರೆಂಚರು ಇಷ್ಟು ಚಂಚಲರಾಗಲಿಲ್ಲ. ಅವರ ‘ಸ್ಕಾಂದೆ’ ಇವತ್ತಿಗೂ ಲಯ ಬಿಡಿಸಿ ಹೇಳುವುದೇ. 1868ರ ಸುಮಾರಿಗೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜ್ಯಾಂ ಮಾರ್ಟಿನ್ ಶಾರ್ಕೋ, ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುವ ಕಾಯಿಲೆಯನ್ನು ವಿವರಿಸುತ್ತಿದ್ದ. ಅದಕ್ಕೆ ಮೂರು ಗುರುತು ಹೇಳಿದ: ಕಣ್ಣುಗುಡ್ಡೆಯ ಅಲುಗಾಟ, ಏನನ್ನಾದರೂ ಹಿಡಿಯಹೋದಾಗ ಬರುವ ಕೈನಡುಕ, ಮತ್ತು ‘ಪರೋಲ್ ಸ್ಕಾಂದೆ’, ಅಂದರೆ ಪ್ರಸ್ತಾರ ಹಾಕಿದಂಥ ಮಾತು. ಶಾಲೆಯಲ್ಲಿ ಲ್ಯಾಟಿನ್ ಪದ್ಯಗಳನ್ನು ಗಣ ಮುರಿದು ಓದಿ ಬೆಳೆದವರಿಗೆ ಈ ವಿವರಣೆ ಕೇಳಿದ ಕೂಡಲೇ ಕಿವಿಯಲ್ಲಿ ಮೂಡುತ್ತಿತ್ತು. ಶಾರ್ಕೋನ ಉಪನ್ಯಾಸಗಳು ಇಂಗ್ಲಿಷಿಗೆ ಬಂದಾಗ ಅದು ‘ಸ್ಕ್ಯಾನಿಂಗ್ ಸ್ಪೀಚ್’ ಆಯಿತು. ಛಂದಸ್ಸು ಕಲಿಯದ ಮುಂದಿನ ಪೀಳಿಗೆಗೆ ಅದು ಅರ್ಥವಿಲ್ಲದ ಪಾರಿಭಾಷಿಕವಾಗಿ ಉಳಿಯಿತು.

ಶಾರ್ಕೋಗಿಂತ ಐದು ವರ್ಷ ಮೊದಲೇ, 1863ರಲ್ಲಿ, ಜರ್ಮನಿಯ ಹೈಡಲ್‌ಬರ್ಗಿನಲ್ಲಿ ನಿಕೋಲಾಸ್ ಫ್ರೀಡ್ರೈಕ್ ಒಂದೇ ಮನೆಯ ಅಣ್ಣತಮ್ಮ ಅಕ್ಕತಂಗಿಯರನ್ನು ಕಾಡುವ ಇನ್ನೊಂದು ಕಾಯಿಲೆಯನ್ನು ದಾಖಲಿಸಿದ್ದ. ಹದಿಹರೆಯದ ಆಸುಪಾಸಿನಲ್ಲಿ ಶುರುವಾಗಿ ನಡಿಗೆ, ಕೈ, ಮಾತು ಒಂದೊಂದಾಗಿ ಕೆಡುವ ಅದಕ್ಕೆ ಈಗ ಅವನದೇ ಹೆಸರು: ಫ್ರೀಡ್ರೈಕ್ ಅಟಾಕ್ಸಿಯಾ. ಗ್ರೀಕಿನಲ್ಲಿ ‘ಟ್ಯಾಕ್ಸಿಸ್’ ಎಂದರೆ ದಂಡಿನ ಸಾಲು, ಜೋಡಣೆ. ಸಾಲು ತಪ್ಪಿದ್ದೇ ‘ಅಟಾಕ್ಸಿಯಾ’. ಆ ಪದದ ಚರಿತ್ರೆ ಹಿಡಿದರೆ ಇನ್ನೊಂದು ಲೇಖನವಾದೀತು, ಬಿಡೋಣ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿ ಗಾರ್ಡನ್ ಹೋಮ್ಸ್ 1917ರಲ್ಲಿ ಬರೆದ ವರದಿ, ಕಿರುಮೆದುಳಿಗೂ ಇಂಥ ಮಾತಿಗೂ ನೇರ ಸಂಬಂಧವಿದೆ ಎನ್ನುವುದನ್ನು ಗಟ್ಟಿಮಾಡಿತು. 1969ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾರ್ಲಿ, ಆರನ್‌ಸನ್, ಬ್ರೌನ್ ಎಂಬ ಮೂವರು 212 ರೋಗಿಗಳ ಧ್ವನಿಮುದ್ರಣಗಳನ್ನು ಕೂತು ಕೇಳಿ, 38 ಲಕ್ಷಣಗಳಲ್ಲಿ ಅಳೆದರು. ಅಟಾಕ್ಸಿಯಾದ ಮಾತಿಗೆ ಅವರು ಕೊಟ್ಟ ಮುಖ್ಯ ಗುರುತುಗಳಲ್ಲೊಂದು, ಎಲ್ಲ ಅಕ್ಷರಗಳ ಮೇಲೂ ಬೀಳುವ ಅತಿಯಾದ, ಸಮನಾದ ಒತ್ತು. ಶಾರ್ಕೋ ಒಂದೇ ಪದದಲ್ಲಿ ಹೇಳಿದ್ದನ್ನು ಇವರು ಅಳತೆಗೆ ತಂದರು.

ಈ ಸಮನಾದ ಒತ್ತು ಕನ್ನಡದ ಬಾಯಲ್ಲಿ ಏನು ಮಾಡುತ್ತದೆ? ‘ಮಗಳು ಬಂದಳು’ ಎನ್ನಿ. ಪ್ರಸ್ತಾರ ಹಾಕಿದರೆ ಮೊದಲ ಪದ ಮೂರು ಮಾತ್ರೆ, ಎರಡನೆಯದು ನಾಲ್ಕು. ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡೆ ನಮ್ಮ ದಿನನಿತ್ಯದ ಮಾತಿನಲ್ಲೇ ಹೀಗೆ ಸಿಕ್ಕಿಬಿಡುತ್ತದೆ. ಇದರಲ್ಲಿ ‘ಬಂ’ ಒಂದೇ ಗುರು, ಉಳಿದ ಐದೂ ಲಘು. ಸ್ಕ್ಯಾನಿಂಗ್ ಸ್ಪೀಚಿನಲ್ಲಿ ಆರು ಅಕ್ಷರಗಳೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬಂದು ನಿಲ್ಲುತ್ತವೆ. ಲಘುಗಳು ಹಿಗ್ಗಿ ಗುರುವಿನ ಸಮಕ್ಕೆ ಬರುತ್ತವೆ. ಅಂದಮೇಲೆ ಶಾರ್ಕೋನ ಹೆಸರು ಅರ್ಧ ಸರಿ, ಅರ್ಧ ತಪ್ಪು. ಗಣ ಬಿಡಿಸಿದ ಹಾಗೆ ಕೇಳುತ್ತದೆ ಎನ್ನುವುದು ನಿಜ. ಆದರೆ ಗಣ ಬಿಡಿಸುವುದಕ್ಕೆ ಬೇಕಾದ ಲಘು ಗುರುಗಳ ಭೇದವೇ ಅಲ್ಲಿ ಅಳಿಸುತ್ತಿರುತ್ತದೆ. ಗಮಕಿ ಬೇಕೆಂದೇ ಮಾತ್ರೆ ಮುರಿದು ಅರ್ಥಕ್ಕೆ ಒದಗಿಸಿಕೊಳ್ಳುತ್ತಾನೆ, ಮತ್ತೆ ತಾಳಕ್ಕೆ ಮರಳುತ್ತಾನೆ. ಇಲ್ಲಿ ಮರಳುವ ಆಯ್ಕೆ ಇಲ್ಲ.

ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಹರ್ಮನ್ ಆಕರ್‌ಮನ್ ಮತ್ತು ಸಂಗಡಿಗರು ಇದೇ ಎಳೆಯನ್ನು ಹಿಡಿದು ಕೆಲಸ ಮಾಡಿದ್ದಾರೆ. ಜರ್ಮನ್ನಿನಲ್ಲೂ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ. ಕಿರುಮೆದುಳು ಸವೆದವರಲ್ಲಿ ಆ ಅಂತರ ಕಿರಿದಾಗುವುದನ್ನು ಅವರು ಅಳೆದರು. ಇನ್ನೂ ಸ್ವಾರಸ್ಯದ್ದು 1997ರ ಪ್ರಯೋಗ. ‘ಬೋಡೆನ್’ ಎಂದರೆ ನೆಲ, ‘ಬೋಟೆನ್’ ಎಂದರೆ ದೂತರು. ನಡುವಣ ವ್ಯಂಜನಕ್ಕೆ ಬಾಯಿ ಎಷ್ಟು ಹೊತ್ತು ಮುಚ್ಚಿರುತ್ತದೆ ಎನ್ನುವುದೊಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು ಕೇಳಿಸಿದರು. ಕಿರುಮೆದುಳು ಸವೆದವರಿಗೆ ಎರಡನ್ನೂ ಬೇರ್ಪಡಿಸಲಾಗಲಿಲ್ಲ. ಅಂದರೆ ಕೆಟ್ಟದ್ದು ನಾಲಿಗೆ ಮಾತ್ರವಲ್ಲ. ಸೆಕೆಂಡಿನ ನೂರನೆಯ ಭಾಗಗಳಲ್ಲಿ ಕಾಲ ಅಳೆಯುವ ಲೆಕ್ಕಿಗನೇ ಮಂಕಾಗಿದ್ದಾನೆ, ಹೇಳುವಾಗಲೂ ಕೇಳುವಾಗಲೂ. ನಮ್ಮ ಮಟ್ಟಿಗೆ ಇದು ‘ಕತೆ’ ಮತ್ತು ‘ಕತ್ತೆ’ಯ ವ್ಯತ್ಯಾಸ. ತಕಾರಕ್ಕೆ ಹಲ್ಲಿನ ಹಿಂದೆ ನಾಲಿಗೆ ಎಷ್ಟು ಹೊತ್ತು ನಿಂತಿತು ಎನ್ನುವುದರ ಮೇಲೆ ಕತೆ ಕತ್ತೆಯಾಗುತ್ತದೆ.

ಇತ್ತ ಇಂಗ್ಲಿಷಿನ ‘ಸ್ಕ್ಯಾನ್’ ಯಂತ್ರಗಳ ಕೈಗೆ ಸಿಕ್ಕಿತು. 1884ರಲ್ಲಿ ಪೌಲ್ ನಿಪ್ಕೋ ಬರ್ಲಿನ್ನಿನಲ್ಲಿ ತೂತುಗಳಿರುವ ತಿರುಗುವ ತಟ್ಟೆಗೆ ಪೇಟೆಂಟ್ ಕೇಳಿದ. ಚಿತ್ರವನ್ನು ಸಾಲು ಸಾಲಾಗಿ ಕತ್ತರಿಸಿ ಕಳಿಸುವ ಉಪಾಯ ಅದು. 1926ರಲ್ಲಿ ಜಾನ್ ಲೋಗಿ ಬೇರ್ಡ್ ಲಂಡನ್ನಿನಲ್ಲಿ ತೋರಿಸಿದ ಟೆಲಿವಿಷನ್ ಇದೇ ತತ್ವದ್ದು. ಬಿಟ್ಟುಹೋಗದಂತೆ ಸಾಲು ಹಿಡಿದು ಹೋಗುವ ಈ ಕ್ರಿಯೆಗೆ ಪದ್ಯದ ಸಾಲು ಹಿಡಿದು ಹೋಗುವ ಹಳೆಯ ಪದವೇ ಒಪ್ಪಿತು. ರೇಡಾರ್ ಅದನ್ನು ಎತ್ತಿಕೊಂಡಿತು, ಆಮೇಲೆ ಆಸ್ಪತ್ರೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡನ ಯಂತ್ರ ಮೊದಲ ರೋಗಿಯ ಮೆದುಳಿನ ಸಿಟಿ ಚಿತ್ರ ತೆಗೆಯಿತು. ಆ ಚಿತ್ರ ಅಡ್ಡಕ್ಕೆ 80, ಉದ್ದಕ್ಕೆ 80 ಚೌಕಗಳದ್ದು.

ಮಾತಿನ ಸ್ಕ್ಯಾನಿಂಗಿಗೆ ಮಾತ್ರ ಸಿಟಿ ಸ್ಕ್ಯಾನ್ ಹೆಚ್ಚು ಒದಗಲಿಲ್ಲ. ಕಿರುಮೆದುಳು ಕೂತಿರುವುದು ತಲೆಬುರುಡೆಯ ಹಿಂದಿನ ತಳದ ಗೂಡಿನಲ್ಲಿ. ಸುತ್ತಲಿನ ದಪ್ಪ ಎಲುಬು ಎಕ್ಸ್‌ರೇಯನ್ನು ಕೆಡಿಸಿ ಚಿತ್ರದಲ್ಲಿ ಗೀರು ಮೂಡಿಸುತ್ತದೆ. ಕಾಂತಕ್ಷೇತ್ರ ಬಳಸುವ ಎಂಆರ್‌ಐಗೆ ಈ ತೊಂದರೆಯಿಲ್ಲ. 1980ರ ದಶಕದಿಂದೀಚೆಗಷ್ಟೇ ಈ ಅಂಗ ಬದುಕಿದ್ದವರಲ್ಲಿ ಸ್ಪಷ್ಟವಾಗಿ ಕಾಣಿಸಿದ್ದು. ಅದಕ್ಕೆ ಮೊದಲು ಶವಪರೀಕ್ಷೆಯೇ ಗತಿ. ಶಾಲಾಪುಸ್ತಕ ಅನುಮಸ್ತಿಷ್ಕ ಎನ್ನುವ ಈ ಭಾಗ ಮೆದುಳಿನ ತೂಕದಲ್ಲಿ ಹತ್ತರಲ್ಲೊಂದು ಪಾಲು. ನರಕೋಶಗಳ ಲೆಕ್ಕದಲ್ಲಿ ಮಾತ್ರ ಸುಮಾರು 8,600 ಕೋಟಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲೇ ಇವೆ.

ಚಿತ್ರಗಳು ಕೆಲವು ಒಗಟುಗಳನ್ನೂ ತಂದವು. ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ, ಚುಟುಕಾಗಿ ಎಸ್‌ಸಿಎ, ಎಂಬ ಗುಂಪಿನಲ್ಲಿ ತಂದೆ ಅಥವಾ ತಾಯಿ ಒಬ್ಬರಿಂದ ಬಂದ ಒಂದು ಕೆಟ್ಟ ಪ್ರತಿಯೇ ಸಾಕು. ಅವುಗಳಲ್ಲಿ ಒಂದು, ಎರಡು, ಮೂರನೆಯ ಬಗೆಗಳಲ್ಲಿ ಕಿರುಮೆದುಳಿನ ಜೊತೆ ಮೆದುಳುಕಾಂಡವೂ ಕುಗ್ಗುತ್ತದೆ. ಆರನೆಯದು ಬಹುಮಟ್ಟಿಗೆ ಕಿರುಮೆದುಳಿಗಷ್ಟೇ ಸೀಮಿತ. ಫ್ರೀಡ್ರೈಕ್ ಕಾಯಿಲೆಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಅದರಲ್ಲಿ ಕಿರುಮೆದುಳಿನ ಹೊರಪದರ ಬಹುಕಾಲ ಅಷ್ಟೇನೂ ಕುಗ್ಗಿದಂತೆ ಕಾಣುವುದಿಲ್ಲ. ತೆಳುವಾಗುವುದು ಬೆನ್ನುಹುರಿ, ಸವೆಯುವುದು ಕಿರುಮೆದುಳಿನ ಒಳಗೆ ಹೂತಿರುವ ಡೆಂಟೇಟ್ ಎಂಬ ಸಣ್ಣ ಗಂಟು. ಹೊರಗೆ ಕೇಳುವ ಮಾತು ಮಾತ್ರ ಎರಡರಲ್ಲೂ ಅಟಾಕ್ಸಿಯಾದ್ದೇ. ಇವುಗಳಲ್ಲಿ ಹಲವಕ್ಕೆ ಮೂಲ ವಂಶವಾಹಿಯಲ್ಲಿ ಮೂರಕ್ಷರದ ಒಂದು ತುಣುಕು ಅಳತೆ ಮೀರಿ ಮರುಕಳಿಸುವುದು. ಫ್ರೀಡ್ರೈಕಿನ ವಂಶವಾಹಿ 1996ರಲ್ಲಿ ಸಿಕ್ಕಿತು. ಆರೋಗ್ಯವಂತರಲ್ಲಿ ಮೂವತ್ತರ ಆಚೀಚೆಯೊಳಗೆ ನಿಲ್ಲುವ ತುಣುಕು ರೋಗಿಗಳಲ್ಲಿ ನೂರಾರು ಸಲ ಬರುತ್ತದೆ. ನಮ್ಮ ಅಕ್ಷರಗಣವೂ ಮೂರಕ್ಷರದ್ದೇ. ಕಾಕತಾಳೀಯ, ಆದರೂ ಪ್ರಸ್ತಾರದ ವಿಷಯ ಬರೆಯುವವನಿಗೆ ಇದನ್ನು ಹೇಳದೆ ಬಿಡಲು ಮನಸ್ಸಾಗುವುದಿಲ್ಲ.

ಕುಗ್ಗಿದ ಮೆದುಳಿನ ಚಿತ್ರ ತೆಗೆಯುವುದು ಸುಲಭ. ಮಾತಾಡುತ್ತಿರುವ ಮೆದುಳಿನ ಚಿತ್ರ ತೆಗೆಯುವುದು ಕಷ್ಟ. ಎಂಆರ್‌ಐ ಕೊಳವೆಯೊಳಗೆ ಮಲಗಿದವರಿಗೆ ಮೊದಲು ಹೇಳುವ ಮಾತೇ ‘ಅಲುಗಾಡಬೇಡಿ’. ದವಡೆ ಆಡಿದರೆ ತಲೆ ಆಡುತ್ತದೆ, ಬಾಯೊಳಗಿನ ಗಾಳಿಯ ಆಕಾರ ಬದಲಾದರೂ ಕಾಂತಕ್ಷೇತ್ರ ಕದಡುತ್ತದೆ. ಸದ್ದು 100 ಡೆಸಿಬೆಲ್ ಮೀರುವುದರಿಂದ ತನ್ನ ಮಾತು ತನಗೇ ಕೇಳಿಸುವುದಿಲ್ಲ. ಇದಕ್ಕೊಂದು ಜಾಣ ದಾರಿ ಕಂಡುಕೊಂಡರು. ಮಾತಾಡಿದಾಗ ಮೆದುಳಿಗೆ ಏರುವ ರಕ್ತದ ಹರಿವು ಐದಾರು ಸೆಕೆಂಡು ತಡವಾಗಿ ಉತ್ತುಂಗಕ್ಕೆ ಬರುತ್ತದೆ. ಯಂತ್ರವನ್ನು ನಿಲ್ಲಿಸಿ, ರೋಗಿಯಿಂದ ಮಾತಾಡಿಸಿ, ಅವನು ನಿಲ್ಲಿಸಿದ ಮೇಲೆ ಯಂತ್ರ ಓಡಿಸಿದರಾಯಿತು. ಆಕರ್‌ಮನ್ ಗುಂಪು ಅಕ್ಷರಗಳನ್ನು ಬೇರೆ ಬೇರೆ ವೇಗದಲ್ಲಿ ಹೇಳಿಸಿ ನೋಡಿದಾಗ, ಸೆಕೆಂಡಿಗೆ ಸುಮಾರು ಮೂರು ಅಕ್ಷರ ದಾಟಿದ ಮೇಲೆ ಕಿರುಮೆದುಳು ಜೋರಾಗಿ ದುಡಿಯತೊಡಗುವುದು ಕಂಡಿತು. ಕಿರುಮೆದುಳು ಸವೆದವರ ವೇಗವೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮೂರರವರೆಗೆ ಉಳಿದ ಮೆದುಳು ಹೇಗೋ ಸಂಭಾಳಿಸುತ್ತದೆ ಎಂದಾಯಿತು.

ಇನ್ನೊಂದು ದಾರಿ ಪೆಟ್ ಸ್ಕ್ಯಾನ್. ಅದು ಸದ್ದು ಮಾಡುವುದಿಲ್ಲ. ಎರಡು ನಿಮಿಷಕ್ಕೆ ಅರ್ಧ ಕ್ಷಯಿಸುವ ವಿಕಿರಣಶೀಲ ಆಮ್ಲಜನಕವಿರುವ ನೀರನ್ನು ರಕ್ತಕ್ಕೆ ಸೇರಿಸಿ ಹರಿವು ಅಳೆಯುತ್ತದೆ. ಅಮೆರಿಕದ ಜಾನ್ ಸಿಡ್ಟಿಸ್ ಮತ್ತು ಜೊತೆಗಾರರು ವಂಶಪಾರಂಪರ್ಯ ಅಟಾಕ್ಸಿಯಾ ಇರುವವರಿಂದ ‘ಪ ತ ಕ, ಪ ತ ಕ’ ಎಂದು ಸಾಧ್ಯವಾದಷ್ಟು ಬೇಗ ಹೇಳಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿರುಮೆದುಳಿನ ಹರಿವು ಕುಂದಿತ್ತು. ಆದರೆ ಮಾತಿನ ವೇಗವನ್ನು ಮುನ್ನುಡಿದದ್ದು, ಆರೋಗ್ಯವಂತರಲ್ಲಿ ಕಂಡ ಜೋಡಿಯೇ: ಎಡ ಹಣೆಯ ಹಿಂದಿನ ಮೆದುಳಿನ ಕೆಳಭಾಗದಲ್ಲಿ ಹರಿವು ಏರಿದಷ್ಟೂ, ಬಲಗಡೆಯ ಕಾಡೇಟ್ ಎಂಬ ಆಳದ ಗಂಟಿನಲ್ಲಿ ಇಳಿದಷ್ಟೂ ವೇಗ ಹೆಚ್ಚು. ಅವರ ಅಧ್ಯಯನಗಳಲ್ಲಿ ಎಸ್‌ಸಿಎ 5 ಇರುವವರೂ ಇದ್ದರು. ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಅಜ್ಜ ಅಜ್ಜಿಯಿಂದ ಇಳಿದುಬಂದ ದೊಡ್ಡ ವಂಶವೊಂದರಲ್ಲಿ ಗುರುತಿಸಿದ ಬಗೆ ಅದು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬಣ್ಣದ ಚಿತ್ರಗಳ ಮಿತಿ. ರಂಗೇರಿದ ಜಾಗ ನೋಡಿ ‘ಮಾತು ಇಲ್ಲಿದೆ’ ಎಂದು ಬೆರಳಿಡುವ ಚಪಲ ಪತ್ರಿಕೆಗಳಿಗಿದೆ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಾಗ ಮಾತ್ರ ಮಾತಿನ ವೇಗ ತಿಳಿಯುತ್ತದೆ ಎಂದಾದರೆ, ಬೆರಳಿಡುವ ಜಾಗ ಯಾವುದು?

ಈಗ ಏಣಿಯ ಮಗ ಸ್ಕೇಲು. ಅಟಾಕ್ಸಿಯಾ ಎಷ್ಟು ಬಲಿತಿದೆ ಎಂದು ಹೇಳಲು 2006ರಿಂದ ‘ಸಾರಾ’ ಎಂಬ ಅಳತೆ ಬಳಕೆಯಲ್ಲಿದೆ. ಹೆಸರಿನ ಮೊದಲ ಅಕ್ಷರವೇ ಸ್ಕೇಲಿನದು. ನಡಿಗೆ, ನಿಲುವು, ಕೂರುವುದು, ಮಾತು, ಕೈಕಾಲಿನ ನಾಲ್ಕು ಪರೀಕ್ಷೆ, ಹೀಗೆ ಎಂಟು ಬಾಬತ್ತು, ಒಟ್ಟು 40 ಅಂಕ. ಮಾತಿಗೆ ಸೊನ್ನೆಯಿಂದ ಆರು. ಅಂಕ ಕೊಡುವ ರೀತಿ ಸರಳ: ರೋಗಿಯೊಂದಿಗೆ ಹರಟೆ ಹೊಡೆಯಬೇಕು, ಎಷ್ಟು ಪದ ಅರ್ಥವಾಗಲಿಲ್ಲ ಎಂದು ನೋಡಬೇಕು. ಕೋಟ್ಯಂತರ ರೂಪಾಯಿಯ ಯಂತ್ರದ ಚಿತ್ರವನ್ನು ಕೊನೆಗೆ ಹೋಲಿಸಿ ನೋಡುವುದು ಒಬ್ಬ ಕೇಳುಗನ ಕಿವಿ ಕೊಟ್ಟ ಇಂಥ ಅಂಕಗಳ ಜೊತೆ. ಆ ಕಿವಿ ಒಂದು ಭಾಷೆಯಲ್ಲಿ ಪಳಗಿದ್ದು. ಇಂಗ್ಲಿಷಿನಲ್ಲಿ ಅಕ್ಷರದ ಉದ್ದ ಏರುಪೇರಾದರೆ ಮಾತು ವಿಚಿತ್ರವಾಗಿ ಕೇಳುತ್ತದೆ, ಅರ್ಥ ಬಹಳ ಸಲ ಉಳಿದುಕೊಳ್ಳುತ್ತದೆ. ಕನ್ನಡದಲ್ಲಿ ಬಲೆ ಬಾಲೆಯಾಗುತ್ತದೆ, ಮರ ಮಾರನಾಗುತ್ತಾನೆ, ಕತೆ ಕತ್ತೆಯಾಗುತ್ತದೆ. ಅಷ್ಟೇ ಸವೆದ ಕಿರುಮೆದುಳಿಗೆ ಕನ್ನಡದ ಕೇಳುಗ ಬೇರೆ ಅಂಕ ಕೊಟ್ಟರೆ ಆಶ್ಚರ್ಯವಿಲ್ಲ ಎಂದು ನನ್ನ ಅನುಮಾನ.

ಈ ಅನುಮಾನ ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಇಂಥ ಕುಟುಂಬಗಳನ್ನು ನೋಡುತ್ತಿದ್ದಾರೆ. ಭಾರತದಲ್ಲಿ ಎಸ್‌ಸಿಎ ಒಂದು, ಎರಡು, ಮೂರನೆಯ ಬಗೆಗಳೂ, ಉತ್ತರದ ಅಗರವಾಲ ಸಮುದಾಯದಲ್ಲಿ ಹೆಚ್ಚಾಗಿ ಕಾಣುವ ಹನ್ನೆರಡನೆಯ ಬಗೆಯೂ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ವಾಕ್ ಶ್ರವಣ ಸಂಸ್ಥೆಯಿದೆ. ಕೈಯಲ್ಲಿರುವ ಪರೀಕ್ಷೆ ‘ಪ ತ ಕ’. ಪ್ರಸ್ತಾರ ಹಾಕಿ ನೋಡಿ: ಮೂರೂ ಲಘು, ನಗಣ. ತುಟಿ, ನಾಲಿಗೆಯ ತುದಿ, ನಾಲಿಗೆಯ ಬುಡ ಮೂರಕ್ಕೂ ಕೆಲಸ ಕೊಡುತ್ತದೆ, ವೇಗವನ್ನು ಚೆನ್ನಾಗಿಯೇ ಅಳೆಯುತ್ತದೆ. ಆದರೆ ಒಂದೂ ಗುರುವಿಲ್ಲದ ಗಣದಲ್ಲಿ ಲಘು ಹಿಗ್ಗಿ ಗುರುವಾದದ್ದನ್ನು ಯಾವುದರ ಜೊತೆ ಹೋಲಿಸುವುದು? ಪತಕದ ಪಕ್ಕದಲ್ಲಿ ಪತ್ತಕ, ಪಾತಕ ಎಂದೂ ಒಂದೊಂದು ಸಲ ಹೇಳಿಸಿ, ಮೂರರ ಮೊದಲ ಎರಡು ಅಕ್ಷರಗಳು ಹಿಡಿದ ಹೊತ್ತನ್ನು ಅಳೆದರೆ ಸಾಕು. ಅದಕ್ಕೆ ಒಂದು ಮೈಕು, ಒಂದು ಲ್ಯಾಪ್‌ಟಾಪು ಬೇಕು.